ಗದ್ದೆ ಏಡಿ: ಬಿಲದಿಂದ ಗಾಳಕ್ಕೆ

ಕೊಡಗಿನ ಹೊಳೆಗಳಲ್ಲಿ ಹಾವುಮೀನಿಗೂ ಮಹಶೀರ್‌ಗೂ ಗದ್ದೆ ಏಡಿ ಬಲು ಒಳ್ಳೆಯ ಎರೆ. ಎರೆಹುಳು ಹಾಕಿದರೆ ಸಣ್ಣ ಮೀನುಗಳೇ ಕಿತ್ತು ಮುಗಿಸುತ್ತವೆ. ಏಡಿಯ ಚಿಪ್ಪಿಗೆ ಅವುಗಳ ಬಾಯಿ ಸಾಲದು. ಕಕ್ಕಡದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಮಳೆಯ ತಿಂಗಳಲ್ಲಿ, ಏಡಿ ಧಾರಾಳ, ಆದರೆ ಹೊಳೆ ಕೆಂಪಾಗಿರುತ್ತದೆ, ಮೀನು ಮೊಟ್ಟೆಯಿಡುವ ಕಾಲವೂ ಅದೇ. ತುಲಾ ಸಂಕ್ರಮಣ ಕಳೆದು ನೀರು ತಿಳಿಯಾಗಲಿ.

ಏರಿಯ ಮಗ್ಗುಲಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಬಿಲ ಹುಡುಕಿ. ಬಾಯಲ್ಲಿ ಹಸಿ ಮಣ್ಣಿನ ಉಂಡೆಗಳಿದ್ದರೆ ಏಡಿ ಒಳಗಿದೆ; ಜೇಡ ಬಲೆ ಕಟ್ಟಿದ್ದರೆ ಖಾಲಿ. ಕೈ ಮಾತ್ರ ಹಾಕಬೇಡಿ, ಇಂಥ ಬಿಲದಲ್ಲಿ ಹಾವೂ ಸೇರಿಕೊಂಡಿರುತ್ತದೆ. ಮೊಳದುದ್ದದ ಕಡ್ಡಿಯ ತುದಿಗೆ ಎರೆಹುಳು ಕಟ್ಟಿ ಒಳಗೆ ಬಿಡಿ. ಏಡಿ ಕಚ್ಚಿ ಹಿಡಿದದ್ದು ಕೈಗೆ ತಿಳಿದ ಮೇಲೆ ನಿಧಾನಕ್ಕೆ ಎಳೆಯಿರಿ. ಜಗ್ಗಿದರೆ ಬಿಟ್ಟು ತಳ ಸೇರುತ್ತದೆ. ಮುಖ ಕಂಡೊಡನೆ ಹಿಂದೆ ಗುದ್ದಲಿ ಊರಿ ದಾರಿ ಮುಚ್ಚಿ. ಕೊಯ್ಲಿನ ಹೊತ್ತಿಗೆ ನೀರಿಳಿದಂತೆ ಬಿಲವೂ ಆಳವಾಗುತ್ತದೆ, ಆಗ ಅಗೆಯಲೇಬೇಕು. ಅಗೆದಲ್ಲಿ ಮಣ್ಣು ತುಂಬಿ ತುಳಿದು ಬಿಗಿ ಮಾಡದಿದ್ದರೆ ಏರಿ ಸೋರಿ ಗದ್ದೆ ಬತ್ತುತ್ತದೆ. ಗದ್ದೆಯವರು ಮತ್ತೆ ಕಾಲಿಡಲು ಬಿಡುವುದಿಲ್ಲ. ಹೊಟ್ಟೆಯಡಿ ಮರಿ ಹೊತ್ತ ಹೆಣ್ಣನ್ನು ಅಲ್ಲೇ ಬಿಡಿ. ಔಷಧಿ ಹೊಡೆದ ಗದ್ದೆಯ ಏಡಿ ಬೇಡ.

ಬಕೆಟ್ ತುಂಬ ನೀರು ಹಾಕಿದರೆ ನಿಂತ ನೀರಲ್ಲಿ ಏಡಿ ಉಸಿರುಕಟ್ಟಿ ಸಾಯುತ್ತದೆ. ತಳದಲ್ಲಿ ಅರ್ಧ ಬೆರಳು ನೀರು, ಮೇಲೆ ಒದ್ದೆ ಹುಲ್ಲು ಸಾಕು. ಹುಲ್ಲು ಕಡಿಮೆಯಾದರೆ ಒಂದರ ಕಾಲನ್ನು ಇನ್ನೊಂದು ಮುರಿಯುತ್ತದೆ. ಆಗಷ್ಟೇ ಚಿಪ್ಪು ಕಳಚಿ ಮೆತ್ತಗಿರುವುದು ಸಿಕ್ಕರೆ ಬೇರೆ ಡಬ್ಬದಲ್ಲಿ ಜೋಪಾನವಾಗಿಡಿ, ಮೀನು ಅದನ್ನು ಬಿಡುವುದೇ ಇಲ್ಲ.

ಚಿಪ್ಪು 3-4 ಸೆಂ.ಮೀ. ಅಗಲವಿದ್ದರೆ ಹದ. ಕಚ್ಚಿ ಹಿಡಿಯುವ ದೊಡ್ಡ ಕೊಂಬು ಎರಡನ್ನೂ ಮುರಿದು, ಕೊನೆಯ ಕಾಲಿನ ಬುಡದಿಂದ ಗಾಳ ತೂರಿಸಿ ಚಿಪ್ಪಿನ ಅಂಚಲ್ಲಿ ಮೊನೆ ಹೊರಡಿಸಿ. ನಡುಬೆನ್ನಿಗೆ ಚುಚ್ಚಿದರೆ ಏಡಿ ಸಾಯುತ್ತದೆ. ಮೊನೆ ಒಳಗೇ ಉಳಿದರೆ ಮೀನು ಜಗಿದು ಉಗುಳಿದರೂ ಗಾಳ ತಾಗದು. ಸೀಸದ ಗುಂಡು ಒಂದಡಿ ಮೇಲಿರಲಿ. ಹರಿವು ಮಡುವಿಗೆ ಇಳಿಯುವಲ್ಲಿ ಎಸೆದು, ಏಡಿ ಕಲ್ಲಿನ ಸಂದಿಗೆ ನುಗ್ಗದಂತೆ ಆಗಾಗ ದಾರವನ್ನು ಗೇಣುದ್ದ ಎಳೆದುಕೊಳ್ಳಿ.

ಕಾವೇರಿ ಕಣಿವೆಗೇ ಸೀಮಿತವಾದ ಡುಬ್ಬದ ಮಹಶೀರ್ 2018ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಮೀನು. ಗಾಳದ ಮೊನೆಯ ಬಳಿ ಹಿಮ್ಮುಖವಾಗಿರುವ ಸಣ್ಣ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಈ ಮೀನು ಸಿಕ್ಕರೆ ನೀರಲ್ಲಿರುವಾಗಲೇ ಬಿಡಿಸಿ ಬಿಟ್ಟುಬಿಡಿ. ಹೊಳೆಗಿಳಿಯುವ ಮೊದಲು ಆ ಜಾಗದಲ್ಲಿ ಗಾಳ ಹಾಕಲು ಅನುಮತಿ ಬೇಕೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಳ್ಳಿ.

ಹಾವುಮೀನಿಗೆ ಕತ್ತಲಾದ ಮೇಲೆ, ಬೆನ್ನಿನ ಚಿಪ್ಪು ತೆಗೆದ ಅರ್ಧ ಏಡಿ ಸಾಕು, ವಾಸನೆ ನೀರಲ್ಲಿ ಹರಡುತ್ತದೆ. ಕಚ್ಚಿದೊಡನೆ ತಡಮಾಡದೆ ಮೇಲೆತ್ತಿ. ಬಾಲವನ್ನು ಕಲ್ಲಿಗೆ ಸುತ್ತಿಕೊಂಡರೆ ದಾರ ಹರಿಯುತ್ತದೆಯೇ ಹೊರತು ಮೀನು ಬರುವುದಿಲ್ಲ.