ಬಾಯಿ ಕ್ಯಾನ್ಸರ್, ಜೀನ್ ಅಭಿವ್ಯಕ್ತಿ, ಬದುಕುಳಿಯುವ ಅಂದಾಜು: ನಾನು ಮಾಡುವ ಕ್ರಮ

ನಿಪ್ಪಾಣಿಯ ತಂಬಾಕು, ಊರೂರಿನ ಗುಟ್ಕಾ. ಬೆಳಗಾವಿಯಲ್ಲಿ ಕೂತು ಗಡ್ಡೆಯಲ್ಲಿ ಯಾವ ಜೀನ್ ಎಷ್ಟು ಸಕ್ರಿಯವೆಂದು ನೋಡಿ ರೋಗಿಯ ಬದುಕುಳಿಯುವ ಕಾಲ ಅಂದಾಜಿಸುವವರು ಬಾಯಿ ಕ್ಯಾನ್ಸರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ದತ್ತಾಂಶ ಮಾತ್ರ ಹೊರಗಿನದು: ಟಿಸಿಜಿಎ ಎಂಬ ಅಮೆರಿಕದ ಕ್ಯಾನ್ಸರ್ ಜೀನೋಮ್ ಸಂಗ್ರಹದ ತಲೆ-ಕುತ್ತಿಗೆ ಗುಂಪು, 528 ರೋಗಿಗಳು. ಜೀನಿಗೊಂದರಂತೆ 60 ಸಾವಿರ ಸಾಲು, ಸ್ಯಾಂಪಲಿಗೊಂದರಂತೆ 500 ಕಾಲಂ ಇದ್ದರೂ ಕೋಷ್ಟಕ 250 ಎಂಬಿ ಆಸುಪಾಸು. 8 ಜಿಬಿ ಲ್ಯಾಪ್‌ಟಾಪ್ ತಡೆಯುತ್ತದೆ.

ಮೊದಲು ಜರಡಿ. ಪ್ರತಿ ಸ್ಯಾಂಪಲಿನ ಬಾರ್‌ಕೋಡಿನ ಮೊದಲ 12 ಅಕ್ಷರ ರೋಗಿಯ ಗುರುತು. 14-15ನೇ ಸ್ಥಾನದಲ್ಲಿ 01 ಇದ್ದರೆ ಗಡ್ಡೆ, 11 ಇದ್ದರೆ ಪಕ್ಕದ ಸಹಜ ಅಂಗಾಂಶ; 01 ಮಾತ್ರ ಇಟ್ಟುಕೊಳ್ಳುತ್ತೇನೆ. ಗಂಟಲು, ಧ್ವನಿಪೆಟ್ಟಿಗೆಯ ಗಡ್ಡೆಗಳನ್ನೂ ಎಚ್‌ಪಿವಿ (ಕ್ಯಾನ್ಸರ್ ತರಬಲ್ಲ ಒಂದು ವೈರಸ್) ಪಾಸಿಟಿವ್ ರೋಗಿಗಳನ್ನೂ ತೆಗೆಯುತ್ತೇನೆ. ಗಂಟಲಿನ ಕ್ಯಾನ್ಸರಿನಲ್ಲಿ ಎಚ್‌ಪಿವಿ ಇದ್ದವರು ಹೆಚ್ಚು ಕಾಲ ಬದುಕುತ್ತಾರೆ. ಎಲ್ಲರನ್ನೂ ಬೆರೆಸಿಟ್ಟರೆ ಮಾಡೆಲ್ ಕಲಿಯುವುದು ವೈರಸ್ಸಿನ ಗುರುತನ್ನು.

ಸಮಯದ ಕಾಲಂ ಎರಡು ಕಡೆಯಿಂದ ಕಟ್ಟಬೇಕು. ತೀರಿಕೊಂಡವರಿಗೆ ಸಾವಿನವರೆಗಿನ ದಿನಗಳು, ಉಳಿದವರಿಗೆ ಕೊನೆಯ ಭೇಟಿಯವರೆಗಿನವು. ಆರು ತಿಂಗಳಿಗೇ ಬರುವುದು ಬಿಟ್ಟವರನ್ನು ‘ಬದುಕಿದವರು’ ಎಂದು ಬರೆದು ಲಾಜಿಸ್ಟಿಕ್ (ಹೌದು-ಇಲ್ಲ ಊಹಿಸುವ ಮಾಡೆಲ್) ಓಡಿಸುವವರಿದ್ದಾರೆ. ಬರುವುದು ಬಿಟ್ಟ ಆ ರೋಗಿಗಳು ಸೆನ್ಸಾರ್ಡ್, ಅಷ್ಟೇ: ಕೊನೆಯ ಭೇಟಿಯ ನಂತರ ಏನಾಯಿತೆಂದು ಗೊತ್ತಿಲ್ಲ. ಸಂಖ್ಯಾಶಾಸ್ತ್ರಜ್ಞ ಡೇವಿಡ್ ಕಾಕ್ಸ್ 1972ರಲ್ಲಿ ಕೊಟ್ಟ ಮಾಡೆಲ್ ಇದನ್ನು ಸಂಭಾಳಿಸುತ್ತದೆ. ಜೀನ್‌ಗಳು ರೋಗಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ ಲ್ಯಾಸೊ (ಕೆಲಸಕ್ಕೆ ಬಾರದ ಜೀನ್‌ಗಳ ತೂಕವನ್ನು ಸೊನ್ನೆಗಿಳಿಸುವ ವಿಧಾನ) ಸೇರಿಸಿದ ಕಾಕ್ಸ್ ಬಳಸುತ್ತೇನೆ.

ಕೆಡುವುದು ಬಹುತೇಕ ಮುಂದಿನ ಹೆಜ್ಜೆಯಲ್ಲಿ. ಎಲ್ಲ ರೋಗಿಗಳ ಮೇಲೆ ಒಂದೊಂದೇ ಜೀನ್ ಪರೀಕ್ಷಿಸಿ, ಪಿ ಬೆಲೆ (ನಂಟೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಇದ್ದುದನ್ನು ಆರಿಸಿ, ಆಮೇಲೆ ಕ್ರಾಸ್ ವ್ಯಾಲಿಡೇಶನ್ (ರೋಗಿಗಳನ್ನು ಫೋಲ್ಡ್ ಎಂಬ ಭಾಗಗಳಾಗಿ ಹಂಚಿ, ಸರದಿಯಂತೆ ಒಂದನ್ನು ಪರೀಕ್ಷೆಗೆ ಎತ್ತಿಟ್ಟು ಉಳಿದವುಗಳಿಂದ ಕಲಿಸುವುದು) ಮಾಡುವುದು. ಪ್ರೋಟೀನ್ ಕಟ್ಟುವ 20 ಸಾವಿರ ಜೀನ್‌ಗಳಲ್ಲಿ ಸುಮಾರು ಸಾವಿರ ಬರೀ ಆಕಸ್ಮಿಕವಾಗಿ ಆ ಗೆರೆ ದಾಟುತ್ತವೆ, ಮತ್ತು ಪರೀಕ್ಷೆಗೆಂದು ಎತ್ತಿಟ್ಟ ರೋಗಿಗಳೂ ಆ ಆಯ್ಕೆಯಲ್ಲಿ ಪಾಲ್ಗೊಂಡಿರುತ್ತಾರೆ. ಜೀನ್ ಆಯ್ಕೆ, ಸರಾಸರಿ, ಲ್ಯಾಸೊದ ಬಿಗಿ ನಿರ್ಧರಿಸುವ ಲ್ಯಾಂಬ್ಡಾ ಎಲ್ಲವೂ ಪ್ರತಿ ಫೋಲ್ಡಿನ ಒಳಗೇ, ತರಬೇತಿ ಭಾಗದಿಂದಲೇ ಬರಬೇಕು. ಪರೀಕ್ಷೆಯ ರೋಗಿಗಳ ಮಾಹಿತಿ ತರಬೇತಿಗೆ ಸೋರಿದ್ದನ್ನು ಹಿಡಿಯಲು ಬದುಕಿನ ದಿನ ಮತ್ತು ಸಾವಿನ ಗುರುತನ್ನು ಜೋಡಿಯಾಗಿಯೇ ರೋಗಿಗಳ ನಡುವೆ ಕಲಸಿ, ಇಡೀ ಸ್ಕ್ರಿಪ್ಟನ್ನು ಮೊದಲಿನಿಂದ ಹಲವು ಸಲ ಓಡಿಸುತ್ತೇನೆ. ಸಿ-ಇಂಡೆಕ್ಸ್ (ಇಬ್ಬರಲ್ಲಿ ಯಾರು ಮೊದಲು ತೀರಿಕೊಳ್ಳುತ್ತಾರೆಂದು ಮಾಡೆಲ್ ಎಷ್ಟು ಸಲ ಸರಿಯಾಗಿ ಹೇಳುತ್ತದೆಂಬ ಅಂಕ; 0.5 ಎಂದರೆ ನಾಣ್ಯ ಚಿಮ್ಮಿದಂತೆ) ಸರಾಸರಿ 0.5ರ ಸುತ್ತ ಬರಬೇಕು. ಬಾರದಿದ್ದರೆ ಎಲ್ಲೋ ತೂತಿದೆ.

ನಂತರ ಎರಡು ಹೋಲಿಕೆ. ವಯಸ್ಸು ಮತ್ತು ಸ್ಟೇಜ್ ಇಟ್ಟುಕೊಂಡ ಬರಿಯ ಮಾಡೆಲ್ ಒಂದು. ಜೀನ್ ಸೇರಿಸಿದಾಗ ಸಿ-ಇಂಡೆಕ್ಸ್ ಏರದಿದ್ದರೆ ಆ ಪಟ್ಟಿಗೆ ಬೆಲೆಯಿಲ್ಲ. ಅಷ್ಟೇ ಗಾತ್ರದ 1000 ಯಾದೃಚ್ಛಿಕ ಪಟ್ಟಿಗಳು ಇನ್ನೊಂದು. ಸ್ತನ ಕ್ಯಾನ್ಸರಿನಲ್ಲಿ ಚೀಟಿ ಎತ್ತಿದಂತೆ ಆರಿಸಿದ ಜೀನ್ ಗುಂಪುಗಳಲ್ಲೂ ಹೆಚ್ಚಿನವು ಬದುಕಿನ ಅವಧಿಯೊಂದಿಗೆ ನಂಟು ತೋರುತ್ತವೆಂದು 2011ರಲ್ಲೇ ಗೊತ್ತಾಗಿದೆ. ಕೋಶ ವಿಭಜನೆಯ ವೇಗ ಅಷ್ಟೊಂದು ಜೀನ್‌ಗಳಲ್ಲಿ ಹರಡಿಕೊಂಡಿರುತ್ತದೆ. ಕಪ್ಲಾನ್-ಮಯರ್ ಗೆರೆ (ಕಾಲ ಕಳೆದಂತೆ ಎಷ್ಟು ಮಂದಿ ಬದುಕಿದ್ದಾರೆಂದು ತೋರುವ ಗೆರೆ) ಚೆನ್ನಾಗಿ ಕವಲೊಡೆಯುವ ಜಾಗ ಹುಡುಕಿ ಗುಂಪು ಸೀಳುವುದನ್ನು ನಾನು ಮೋಸವೆಂದೇ ಎಣಿಸುತ್ತೇನೆ.

ಹೊರಗಿನ ಪರೀಕ್ಷೆಗೆ ಜಿಎಸ್‌ಇ41613 ಎಂಬ ಸಾರ್ವಜನಿಕ ದತ್ತಾಂಶ: 97 ರೋಗಿಗಳು, ಎಚ್‌ಪಿವಿ ಇಲ್ಲದ ಬಾಯಿ ಕ್ಯಾನ್ಸರ್. ಅಲ್ಲಿ ಜೀನ್ ಅಳೆದದ್ದು ಮೈಕ್ರೋಅರೇ ಎಂಬ ಬೇರೆ ವಿಧಾನದಲ್ಲಿ, ಟಿಸಿಜಿಎಯ ಆರ್‌ಎನ್‌ಎ ಸೀಕ್ವೆನ್ಸಿಂಗಿನ ಸರಾಸರಿ ಅಲ್ಲಿ ನಡೆಯದು, ಆ ಗುಂಪಿನೊಳಗೇ ಜೆಡ್ ಅಂಕ (ಗುಂಪಿನ ಸರಾಸರಿಯಿಂದ ಎಷ್ಟು ದೂರ ಎಂಬ ಅಳತೆ) ಮಾಡಬೇಕು. ಹಾಗೆ ಮಾಡಿದ ಅಂಕ ಒಬ್ಬನೇ ರೋಗಿ ಎದುರಿಗೆ ಬಂದಾಗ ಕೈಕೊಡುತ್ತದೆ, ಹೋಲಿಸಲು ಗುಂಪೇ ಇರುವುದಿಲ್ಲ. ಅದಕ್ಕೇ ಈಗ ಒಂದೇ ಸ್ಯಾಂಪಲಿನಲ್ಲಿ ಯಾವ ಜೀನ್ ಯಾವುದಕ್ಕಿಂತ ಮೇಲು ಎಂಬ ಜೋಡಿಗಳತ್ತ ಹೊರಳಿದ್ದೇನೆ. ಟಿಸಿಜಿಎಯಲ್ಲಿ ನಾಲಿಗೆಯ ಗಡ್ಡೆಗಳು ಹೆಚ್ಚು, ನಮ್ಮ ಕಡೆ ಕೆನ್ನೆ ಮತ್ತು ವಸಡಿನವು. ಆ ಅಂತರವನ್ನು ಜೋಡಿಗಳೂ ತುಂಬವು, ಇಲ್ಲಿನ ಗಡ್ಡೆಗಳನ್ನೇ ಸೀಕ್ವೆನ್ಸ್ ಮಾಡಬೇಕು.