ಆ ಕೋನ ನಡುವೆ ಇರಲಿಲ್ಲ

ಗಣಿತ ಪಾಠ ಮಾಡತೊಡಗಿದ ಮೊದಲ ವರ್ಷ, ಕರಿಹಲಗೆಯ ಮೇಲೆ ನಾನೇ ಒಂದು ತಪ್ಪು ಸಾಧನೆ ಬರೆದೆ. ಅಬಕ ತ್ರಿಭುಜದಲ್ಲಿ ಅಡ ರೇಖೆ ಅ ಕೋನವನ್ನು ಅರ್ಧಿಸುತ್ತದೆ, ಬಕ ಬಾಹುವನ್ನೂ ಅರ್ಧಿಸುತ್ತದೆ. ಅಬ = ಅಕ ಎಂದು ಸಾಧಿಸಬೇಕು. ಬಡ = ಕಡ, ಅಡ ಉಭಯಸಾಮಾನ್ಯ, ಅ ಬಳಿಯ ಎರಡು ಕೋನಗಳು ಸಮ. ಮೂರು ಸಿಕ್ಕವಲ್ಲ! ‘ಬಾ.ಕೋ.ಬಾ. ನಿಯಮದಂತೆ ಸರ್ವಸಮ’ ಎಂದು ಬರೆದು ಅಡಿಗೆರೆ ಎಳೆದೆ. ಎರಡು ಬಾಹು ಮತ್ತು ಅವುಗಳ ನಡುವಿನ ಕೋನ ಸಮವಾದರೆ ಎರಡು ತ್ರಿಭುಜಗಳು ಎಲ್ಲ ಅಳತೆಯಲ್ಲೂ ಒಂದೇ, ಅಂದರೆ ಸರ್ವಸಮ, ಎನ್ನುವುದು ಈ ಬಾಹು-ಕೋನ-ಬಾಹು ನಿಯಮ.

“ಸರ್, ಕೋನ ಆ ಎರಡು ಬಾಹುಗಳ ನಡುವೆ ಇಲ್ಲವಲ್ಲ?” ಎಂದಳು ಹಿಂದಿನ ಬೆಂಚಿನ ಹುಡುಗಿ.

ಬಡ ಮತ್ತು ಅಡ ಕೂಡುವುದು ಡ ಬಿಂದುವಿನಲ್ಲಿ. ಕೋನವಿದ್ದದ್ದು ಅ ಬಿಂದುವಿನಲ್ಲಿ. ಚಿತ್ರದಲ್ಲಿ ಎರಡೂ ತ್ರಿಭುಜ ಅಚ್ಚೊತ್ತಿದ ಹಾಗಿದ್ದವು, ನಿಜ. ಹಾಗೆ ಬರೆದವನು ನಾನೇ ತಾನೇ? ನಾಳೆ ಹೇಳುತ್ತೇನೆ ಎಂದು ಜಾರಿಕೊಂಡೆ.

ಸಂಜೆ ಕೈವಾರ ಹಿಡಿದು ಕುಳಿತೆ. ಅಬ 6 ಸೆಂ.ಮೀ. ಎಳೆದು, ಅ ಬಿಂದುವಿನಿಂದ 30 ಡಿಗ್ರಿಗೆ ಒಂದು ಕಿರಣ. ಬ ಬಿಂದುವಿನಲ್ಲಿ ಮುಳ್ಳು ಊರಿ 4 ಸೆಂ.ಮೀ. ಅಗಲದ ಕಂಸ ತಿರುಗಿಸಿದರೆ ಅದು ಕಿರಣವನ್ನು ಎರಡು ಕಡೆ ಕತ್ತರಿಸಿತು. ಒಂದು ಕಡೆ ಅಕ ಸುಮಾರು 2.5 ಸೆಂ.ಮೀ., ಇನ್ನೊಂದು ಕಡೆ 7.8. ದತ್ತ ಒಂದೇ, ತ್ರಿಭುಜ ಎರಡು. ಅದೇ ಕೋನವನ್ನು 90 ಡಿಗ್ರಿ ಮಾಡಿ, ಬಕ 10 ಸೆಂ.ಮೀ. ಇಟ್ಟು ನೋಡಿದೆ: ಕಂಸ ಕಿರಣವನ್ನು ಒಂದೇ ಕಡೆ ಮುಟ್ಟಿತು. ಲಂಬಕೋನ, ವಿಕರ್ಣ, ಇನ್ನೊಂದು ಬಾಹು ಸಮವಾದರೆ ಸಾಕು ಎನ್ನುವ ಲಂ.ವಿ.ಬಾ. ನಿಯಮ, ಕೋನ ನಡುವೆ ಇಲ್ಲದಿದ್ದರೂ ನಿಲ್ಲುವುದು ಏಕೆ ಎಂದು ಅಲ್ಲಿಯವರೆಗೆ ನಾನು ಕೇಳಿಕೊಂಡೇ ಇರಲಿಲ್ಲ, ಬಾಯಿಪಾಠದ ಫಲ.

ಮೂಲ ಲೆಕ್ಕ ಉಳಿದಿತ್ತು. ಹೇಳಿಕೆ ಸುಳ್ಳಲ್ಲ, ನನ್ನ ದಾರಿ ಸುಳ್ಳು. ಬಹಳ ಹೊತ್ತು ಒದ್ದಾಡಿದ ಮೇಲೆ ಒಂದು ರಚನೆ ಹೊಳೆಯಿತು: ಅಡ ರೇಖೆಯನ್ನು ಅಷ್ಟೇ ಉದ್ದ ಕೆಳಕ್ಕೆ, ಪ ಬಿಂದುವಿನವರೆಗೆ ಬೆಳೆಸಿ ಕಪ ಸೇರಿಸುವುದು. ಈಗ ಅಡ = ಪಡ, ಬಡ = ಕಡ, ಅವುಗಳ ನಡುವೆ ಡ ಬಳಿ ಶೃಂಗಾಭಿಮುಖ ಕೋನಗಳು, ಅಂದರೆ ಎರಡು ರೇಖೆ ಕತ್ತರಿಸಿದಲ್ಲಿ ಎದುರುಬದುರಾಗುವ ಸಮ ಕೋನಗಳು. ಇದು ನಿಜವಾದ ಬಾ.ಕೋ.ಬಾ.; ಅಬಡ ಮತ್ತು ಪಕಡ ಸರ್ವಸಮ. ಅಕ್ಷರಗಳನ್ನು ಈ ಕ್ರಮದಲ್ಲೇ ಬರೆಯಬೇಕು: ಅ ಎದುರು ಪ, ಬ ಎದುರು ಕ. ಹಾಗೆ ಬರೆದರೆ ಅನುರೂಪ ಭಾಗಗಳನ್ನು ಹುಡುಕಲು ಚಿತ್ರ ನೋಡುವುದೇ ಬೇಡ. ಅಬ = ಪಕ; ಅ ಬಳಿಯ ಅರ್ಧಕೋನ ಪ ಕೋನಕ್ಕೆ ಸಮ. ಇನ್ನೊಂದು ಅರ್ಧವೂ ಅಷ್ಟೇ ಆದ್ದರಿಂದ ಅಕಪ ತ್ರಿಭುಜದಲ್ಲಿ ಸಮ ಕೋನಗಳ ಎದುರಿನ ಬಾಹುಗಳೂ ಸಮ: ಅಕ = ಪಕ. ಅಲ್ಲಿಗೆ ಅಬ = ಅಕ.

ಮರುದಿನ ಚಿತ್ರವನ್ನು ಬೇಕೆಂದೇ ವಕ್ರವಾಗಿ, ಅಬ ಉದ್ದ, ಅಕ ಗಿಡ್ಡ ಕಾಣುವಂತೆ ಬರೆದೆ. ಈಗಲೂ ಹಾಗೆಯೇ ಬರೆಯುತ್ತೇನೆ. ಸಾಧನೆ ಮುಗಿಸಿ ಹಿಂದಿನ ಬೆಂಚಿನ ಕಡೆ ನೋಡಿದೆ. ಅವಳು ಕೆಂಪು ಪೆನ್ಸಿಲ್‌ನಲ್ಲಿ ಡ ಬಳಿಯ ಕೋನಗಳಿಗೆ ಗುರುತು ಹಾಕುತ್ತಿದ್ದಳು.