ಬಾಯಿ ವಾಸನೆ ಒಸಡಿಗೂ ಪೆಟ್ಟು ಕೊಡುತ್ತದೆ: ಒಸಡಿನ ಡಾಕ್ಟರ್ ಆಗಿ ನನ್ನ ಅನುಭವ

ಬಾಯಿ ವಾಸನೆ ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಆಗಲೇ ಹೊಟ್ಟೆಗೆ ಔಷಧಿ ಮಾಡಿಸಿಕೊಂಡಿರುತ್ತಾರೆ. ಗ್ಯಾಸ್ ಮಾತ್ರೆ, ತ್ರಿಫಲಾ ಚೂರ್ಣ, ಜೀರಿಗೆ ಕಷಾಯ ಎಲ್ಲ ಮುಗಿದಿರುತ್ತದೆ. "ಹೊಟ್ಟೆ ಕ್ಲೀನ್ ಇಲ್ಲ ಡಾಕ್ಟ್ರೇ, ಅದಕ್ಕೇ ಬಾಯಿ ನಾರೋದು" ಅನ್ನುವುದು ನಮ್ಮ ಕಡೆ ಗಟ್ಟಿ ನಂಬಿಕೆ. ಆದರೆ ಹೊಟ್ಟೆಗೆ ಹೋಗುವ ಅನ್ನನಾಳ ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತದೆ. ತೇಗು ಬಂದಾಗ ಒಂದು ಕ್ಷಣ ವಾಸನೆ ಮೇಲೆ ಬರಬಹುದು, ಅಷ್ಟೆ. ಹತ್ತರಲ್ಲಿ ಎಂಟೊಂಬತ್ತು ಜನರಿಗೆ ವಾಸನೆ ಹುಟ್ಟುವುದು ಬಾಯಲ್ಲೇ. ನಾಲಿಗೆಯ ಹಿಂಭಾಗ ಮತ್ತು ಒಸಡಿನ ಸಂದು, ಇವೆರಡೇ ಮುಖ್ಯ ಜಾಗ.

ಪರೀಕ್ಷೆಗೆ ಬರುವ ದಿನ ಬೆಳ್ಳುಳ್ಳಿ, ಈರುಳ್ಳಿ ತಿನ್ನಬೇಡಿ, ಏಲಕ್ಕಿ ಲವಂಗ ಬಾಯಿಗೆ ಹಾಕಬೇಡಿ, ಮೌತ್‌ವಾಶ್ ಬೇಡ ಅಂತ ಮೊದಲೇ ಹೇಳಿ ಕಳಿಸುತ್ತೇನೆ. ವಾಸನೆ ಅಳೆಯುವ ಮೆಷಿನ್‌ಗಳಿವೆ. ಆದರೂ ಡಾಕ್ಟರ್ ಮೂಗೇ ಇವತ್ತಿಗೂ ಮುಖ್ಯ ಅಳತೆಗೋಲು. ಮೊದಲು ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿಸುತ್ತೇನೆ. ಆಮೇಲೆ ಮೂಗು ಹಿಡಿದು ಬಾಯಿಂದ. ವಾಸನೆ ಬಾಯಿಂದ ಮಾತ್ರ ಬಂದರೆ ಮೂಲ ಬಾಯಲ್ಲೇ ಇದೆ ಅಂತ ಅರ್ಥ.

ಆಮೇಲೆ ಒಂದು ಪ್ಲಾಸ್ಟಿಕ್ ಚಮಚ ತಗೊಂಡು ನಾಲಿಗೆಯ ಹಿಂಭಾಗವನ್ನು ಮೆಲ್ಲಗೆ ಎಳೆಯುತ್ತೇನೆ. ಚಮಚದ ಅಂಚಿನಲ್ಲಿ ಹಳದಿ ಬಣ್ಣದ ಲೋಳೆ ಬರುತ್ತದೆ. ಐದು ಸೆಕೆಂಡ್ ಬಿಟ್ಟು ನಾನೂ ಮೂಸುತ್ತೇನೆ, ಪೇಷಂಟ್‌ಗೂ ಮೂಸಲು ಕೊಡುತ್ತೇನೆ. ಕೊನೆಗೆ ಹಿಂದಿನ ಎರಡು ದವಡೆ ಹಲ್ಲುಗಳ ನಡುವೆ ಫ್ಲಾಸ್ ದಾರ ಆಡಿಸಿ ತೆಗೆಯುತ್ತೇನೆ. ದಾರಕ್ಕೆ ರಕ್ತ ಹತ್ತಿದೆಯಾ, ಅದು ನಾರುತ್ತಿದೆಯಾ ಅಂತ ಅವರೇ ನೋಡುತ್ತಾರೆ. ಇಷ್ಟಾದ ಮೇಲೆ ಹೊಟ್ಟೆಯ ಮಾತು ಯಾರೂ ಎತ್ತುವುದಿಲ್ಲ.

ಆ ವಾಸನೆ ಏನು ಅಂತ ಪತ್ತೆ ಹಚ್ಚಿದ ದೊಡ್ಡ ಕೆಲಸ ಕೆನಡಾದ ವ್ಯಾಂಕೂವರ್‌ನದು. ಅಲ್ಲಿನ ಯೂನಿವರ್ಸಿಟಿ ಆಫ್ ಬ್ರಿಟಿಷ್ ಕೊಲಂಬಿಯಾದ ಜೋಸೆಫ್ ಟೊಂಜೆಟಿಚ್ 1960, 70ರ ದಶಕಗಳಲ್ಲಿ ಬಾಯಿಯ ಗಾಳಿಯನ್ನು ಬಿಡಿಸಿ ನೋಡಿದರು. ಅದರಲ್ಲಿ ಸಿಕ್ಕಿದ್ದು ಗಂಧಕದ ಅನಿಲಗಳು. ಒಂದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯದು. ಇನ್ನೊಂದು ಮೀಥೈಲ್ ಮರ್ಕ್ಯಾಪ್ಟನ್, ಕೊಳೆತ ಎಲೆಕೋಸಿನದು. ಗಾಳಿ ಆಡದ ಸಂದುಗಳಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಸತ್ತ ಜೀವಕೋಶ, ಜೊಲ್ಲು, ರಕ್ತ, ಉಳಿದ ಆಹಾರದ ಪ್ರೋಟೀನನ್ನು ಒಡೆಯುತ್ತವೆ. ಸಿಸ್ಟೀನ್ ಅನ್ನುವ ಅಮೈನೋ ಆಮ್ಲದಿಂದ ಮೊದಲನೆಯ ಅನಿಲ, ಮೆಥಿಯೊನಿನ್‌ನಿಂದ ಎರಡನೆಯದು. ರಾತ್ರಿ ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ತೊಳೆಯುವ ನೀರು ನಿಂತಾಗ ಇವುಗಳಿಗೆ ಹಬ್ಬ. ಬೆಳಗ್ಗೆ ಎದ್ದಾಗ ಎಲ್ಲರ ಬಾಯೂ ಸ್ವಲ್ಪ ನಾರುವುದು, ಉಪವಾಸದ ದಿನ ಬಾಯಿ ಒಣಗಿ ವಾಸನೆ ಬರುವುದು ಇದರಿಂದಲೇ. ಅದು ಕಾಯಿಲೆ ಅಲ್ಲ.

ನಾನು ಈ ವಿಷಯ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಬೇರೆ ಇದೆ. ವಾಸನೆ ಅಂದರೆ ಬರೀ ನಾಚಿಕೆಯ ವಿಷಯ ಅಂತ ಜನ ಅಂದುಕೊಳ್ಳುತ್ತಾರೆ. ಎದುರಿನವರು ಮುಖ ತಿರುಗಿಸುತ್ತಾರೆ, ಅದಷ್ಟೇ ತೊಂದರೆ ಅಂತ. ಆದರೆ ಎದುರಿನವರ ಮೂಗಿಗೆ ತಾಗುವ ಅನಿಲವೇ ನಮ್ಮ ಒಸಡಿಗೂ ತಾಗುತ್ತಿರುತ್ತದೆ, ಅದೂ ಹಗಲೂ ರಾತ್ರಿ.

ಹಲ್ಲು ಮತ್ತು ಒಸಡಿನ ನಡುವೆ ಒಂದು ಸಣ್ಣ ಕಾಲುವೆ ಇದೆ. ಅದರ ಒಳಗೋಡೆಯ ಚರ್ಮ ತುಂಬಾ ತೆಳು. ಒಸಡಿನ ಹೊರಭಾಗದಲ್ಲಿರುವ ಗಟ್ಟಿ ಪದರ ಅಲ್ಲಿಲ್ಲ. 1984ರಲ್ಲಿ ಟೊಂಜೆಟಿಚ್ ಮತ್ತು ಅವರ ಜೊತೆಗಾರರೊಬ್ಬರು ಬಾಯಿಯ ಇಂಥದ್ದೇ ಮೃದು ಪೊರೆಯನ್ನು ಲ್ಯಾಬ್‌ನಲ್ಲಿ ಈ ಅನಿಲಗಳಿಗೆ ಒಡ್ಡಿದರು. ಪೊರೆ ಸಡಿಲವಾಯಿತು. ಮೀಥೈಲ್ ಮರ್ಕ್ಯಾಪ್ಟನ್ ತಾಗಿದ ಪೊರೆಯ ಮೂಲಕ ಬೇರೆ ವಸ್ತುಗಳು ಹಾದುಹೋಗುವ ಪ್ರಮಾಣ ಸುಮಾರು ಎರಡರಷ್ಟಾಯಿತು. ಪ್ರೋಟೀನ್‌ಗಳನ್ನು ಬಿಗಿಯಾಗಿ ಹಿಡಿದಿಡುವ ಗಂಧಕದ ಬೆಸುಗೆಗಳನ್ನು ಈ ಅನಿಲ ಬಿಡಿಸುತ್ತದೆ. ಅಂದರೆ ಬ್ಯಾಕ್ಟೀರಿಯಾದ ವಿಷ ಒಳಗೆ ಇಳಿಯಲು ದಾರಿ ಸುಲಭವಾಗುತ್ತದೆ. ಮುಂದಿನ ಪ್ರಯೋಗಗಳಲ್ಲಿ ಒಸಡಿನ ಫೈಬ್ರೊಬ್ಲಾಸ್ಟ್ ಜೀವಕೋಶಗಳನ್ನು, ಅಂದರೆ ಕಾಲಜನ್ ಅನ್ನುವ ಗಟ್ಟಿ ಪ್ರೋಟೀನ್ ತಯಾರಿಸುವ ಕೋಶಗಳನ್ನು, ಈ ಅನಿಲದಲ್ಲಿ ಇಟ್ಟಾಗ ಅವು ಕಾಲಜನ್ ಕಡಿಮೆ ತಯಾರಿಸಿದವು. ಹಲ್ಲನ್ನು ಎಲುಬಿಗೆ ಕಟ್ಟಿ ಹಿಡಿದಿರುವುದೇ ಕಾಲಜನ್ ಎಳೆಗಳು ಅಲ್ವಾ?

ಇದು ಸುತ್ತಿ ಸುತ್ತಿ ಬೆಳೆಯುವ ತೊಂದರೆ. ಒಸಡು ಊದಿದರೆ ಸಂದು ಆಳವಾಗುತ್ತದೆ. ಆಳವಾದಷ್ಟೂ ಗಾಳಿ ಆಡುವುದಿಲ್ಲ, ರಕ್ತ ಜಿನುಗುತ್ತದೆ. ರಕ್ತ ಅಂದರೆ ಬ್ಯಾಕ್ಟೀರಿಯಾಗೆ ಇನ್ನಷ್ಟು ಪ್ರೋಟೀನ್. ಒಸಡಿನ ಕಾಯಿಲೆ ಇರುವವರ ಬಾಯಲ್ಲಿ ಮೀಥೈಲ್ ಮರ್ಕ್ಯಾಪ್ಟನ್ ಪಾಲು ಹೆಚ್ಚಿರುವುದನ್ನೂ ಸಂಶೋಧಕರು ಕಂಡಿದ್ದಾರೆ. ನಾನು ಎಷ್ಟೋ ಬಾಯಿಗಳಲ್ಲಿ ನೋಡಿದ್ದು ಇದೇ: ರಕ್ತ ಬರುತ್ತದೆ ಅಂತ ಹೆದರಿ ಜನ ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಡುತ್ತಾರೆ. ನಿಜಕ್ಕೂ ಬ್ರಷ್ ಹೆಚ್ಚು ಬೇಕಾಗಿದ್ದು ಅಲ್ಲೇ.

ಹಾಗಾಗಿ ನನ್ನ ಕೆಲಸ ಒಸಡಿನಿಂದ ಶುರುವಾಗುತ್ತದೆ. ಅಳತೆ ಗುರುತಿರುವ ಸಣ್ಣ ಕಡ್ಡಿಯಿಂದ ಒಂದೊಂದು ಹಲ್ಲಿನ ಸುತ್ತ ಆಳ ನೋಡುತ್ತೇನೆ. 3 ಮಿಲಿಮೀಟರ್ ತನಕ ಚಿಂತೆ ಇಲ್ಲ. 5, 6 ಬಂದರೆ ಬೇರಿನ ಮೇಲೆ ಗಟ್ಟಿಯಾದ ಕಪ್ಪು ಕಿಟ್ಟ ಇದ್ದೇ ಇರುತ್ತದೆ. ಅದನ್ನು ಪೂರ್ತಿ ಕೆರೆದು ತೆಗೆಯಬೇಕು. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ" ಅನ್ನುವ ಭಯ ಊರಲ್ಲಿ ಜಾಸ್ತಿ. ಕಿಟ್ಟ ತೆಗೆದು ಕೈಗೆ ಕೊಟ್ಟು ತೋರಿಸುತ್ತೇನೆ. ಹಲ್ಲನ್ನು ಸಡಿಲ ಮಾಡಿದ್ದು ಇದು, ಇಷ್ಟು ದಿನ ಇದು ತುಂಬಿಕೊಂಡಿದ್ದರಿಂದ ನಿಮಗೆ ಗೊತ್ತಾಗಿಲ್ಲ ಅಂತ ಹೇಳುತ್ತೇನೆ.

ಅಡಿಕೆ, ಗುಟ್ಕಾ ಹಾಕುವವರ ಕಥೆ ಬೇರೆ. ಅಡಿಕೆಯ ನಾರು ಹಲ್ಲಿನ ಸಂದಿಗೆ ಹೋಗಿ ಕೂರುತ್ತದೆ. ವರ್ಷಗಟ್ಟಲೆ ಹಾಕಿದವರಿಗೆ ಕೆನ್ನೆಯ ಒಳಗೆ ಬಿಗಿತ ಬಂದು ಬಾಯೇ ಸರಿಯಾಗಿ ತೆರೆಯುವುದಿಲ್ಲ. ಹಿಂದಿನ ಹಲ್ಲಿಗೆ ಬ್ರಷ್ ಹೋಗುವುದಾದರೂ ಹೇಗೆ? ಇಂಥವರಿಗೆ ವಾಸನೆಗಿಂತ ಮೊದಲು ಕ್ಯಾನ್ಸರ್ ಭಯದ ಬಗ್ಗೆ ಮಾತಾಡುತ್ತೇನೆ. ಅಡಿಕೆ ಬಿಡದೆ ಉಳಿದದ್ದೆಲ್ಲ ಸುಮ್ನೆ.

ನಾಲಿಗೆಯ ಪಾಠ ಕನ್ನಡಿ ಮುಂದೆ. ನಮ್ಮಲ್ಲಿ ನಾಲಿಗೆ ಹೆರೆಯುವ ಅಭ್ಯಾಸ ಹಳೆಯದೇ, ಒಳ್ಳೆಯದೇ. ಆದರೆ ಬಹಳ ಜನ ಹೆರೆಯುವುದು ಮುಂದಿನ ಅರ್ಧವನ್ನು. ಕೊಳೆ ಇರುವುದು ಹಿಂದೆ, ಒದ್ದೆ ಕಂಬಳಿಯ ಎಳೆಗಳ ನಡುವೆ ಕೂತ ಹಾಗೆ. ನಾಲಿಗೆ ಪೂರ್ತಿ ಹೊರಗೆ ಚಾಚಿ, ಉಸಿರು ಬಿಡುತ್ತಾ, ಹಿಂದಿನಿಂದ ಮುಂದಕ್ಕೆ ಮೂರು ನಾಲ್ಕು ಸಲ ಹಗುರವಾಗಿ ಎಳೆಯಬೇಕು. ಉಸಿರು ಬಿಡುತ್ತಿದ್ದರೆ ವಾಕರಿಕೆ ಕಡಿಮೆ. ತಾಮ್ರದ್ದೋ ಸ್ಟೀಲಿನದ್ದೋ, ಯಾವುದಾದರೂ ಸರಿ. ರಕ್ತ ಬರುವ ಹಾಗೆ ತಿಕ್ಕಬಾರದು. ಬೆಳಗ್ಗೆ ಮಾಡುವವರಿಗೆ ರಾತ್ರಿ ಮಲಗುವ ಮುಂಚೆಯೂ ಮಾಡಿ ಅಂತ ಹೇಳುತ್ತೇನೆ. ಜೊಲ್ಲು ನಿಲ್ಲುವ ಹೊತ್ತಿಗೆ ಬ್ಯಾಕ್ಟೀರಿಯಾಗೆ ತಿನ್ನಲು ಏನೂ ಉಳಿದಿರಬಾರದು. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು, ತೊಳೆದು, ನೀರಲ್ಲಿ ಹಾಕಿಡಬೇಕು.

ಮೌತ್‌ವಾಶ್ ಕೊನೆಯ ಮಾತು. ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಇರುವುದನ್ನು ಎರಡು ವಾರಕ್ಕಿಂತ ಜಾಸ್ತಿ ನಾನು ಬರೆಯುವುದಿಲ್ಲ, ಹಲ್ಲಿಗೆ ಕಂದು ಕಲೆ ಬರುತ್ತದೆ. ಸತುವಿನ ಅಂಶ ಇರುವವು ನನಗೆ ಇಷ್ಟ. ಸತು ಗಂಧಕವನ್ನು ಹಿಡಿದು ಅನಿಲವಾಗದ ಹಾಗೆ ಮಾಡುತ್ತದೆ.

ಕೆಲವರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದೇ ಒಳಗೆ ಬರುತ್ತಾರೆ. ಎಷ್ಟು ಸಲ ಪರೀಕ್ಷೆ ಮಾಡಿದರೂ ಅವರಲ್ಲಿ ವಾಸನೆ ಇರುವುದಿಲ್ಲ. ಯಾರೋ ಮೂಗು ಉಜ್ಜಿಕೊಂಡಿದ್ದನ್ನು ನೋಡಿ ಮನಸ್ಸಿಗೆ ಹಚ್ಚಿಕೊಂಡಿರುತ್ತಾರೆ. ಅವರಿಗೆ ಸ್ಕೇಲಿಂಗ್, ಅಂದರೆ ಕಿಟ್ಟ ಕೆರೆಯುವ ಕೆಲಸ, ಮಾಡಿ ದುಡ್ಡು ತಗೊಳ್ಳುವುದು ಅನ್ಯಾಯ. ಮನೆಯವರೊಬ್ಬರನ್ನು ಜೊತೆಗೆ ಕೂರಿಸಿ, ಅವರ ಮುಂದೆಯೇ ಪರೀಕ್ಷೆ ಮಾಡಿ ತೋರಿಸುತ್ತೇನೆ. ಅದಕ್ಕೂ ಸಮಾಧಾನ ಆಗದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ವಾಸನೆ ಮೂಗಿನಿಂದ ಮಾತ್ರ ಬರುತ್ತಿದ್ದರೆ ಇಎನ್‌ಟಿಗೆ, ಉಸಿರಲ್ಲಿ ಹಣ್ಣಿನಂಥ ಸಿಹಿ ವಾಸನೆ ಇದ್ದರೆ ಅವತ್ತೇ ಶುಗರ್ ಪರೀಕ್ಷೆಗೆ. ಒಸಡಿನ ಪೇಷಂಟ್‌ಗಳನ್ನು ಎರಡು ತಿಂಗಳು ಬಿಟ್ಟು ಮತ್ತೆ ಕರೆಸಿ, ಅದೇ ಕಡ್ಡಿಯಿಂದ ಆಳ ಅಳೆಯುತ್ತೇನೆ. ರಕ್ತ ನಿಂತು ಆಳ ಇಳಿದಿದ್ದರೆ ವಾಸನೆಯೂ ಹೋಗಿರುತ್ತದೆ. ಆಗಲೂ 5ಕ್ಕಿಂತ ಹೆಚ್ಚಿದ್ದು ರಕ್ತ ಬರುತ್ತಿದ್ದರೆ ಒಸಡು ಬಿಡಿಸಿ ಒಳಗೆ ಕ್ಲೀನ್ ಮಾಡುವ ಸರ್ಜರಿಯ ಬಗ್ಗೆ ಮಾತಾಡುತ್ತೇವೆ.